ಎಣ್ಣೆಹೊಳೆಯವರೆಗೆ: ಅಕ್ಕನಾಗಮ್ಮನವರ ಕೊನೆಯ ಪಯಣ

(ಹಿರೇಹಡಗಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಇಟ್ಟವರು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ಅವರು ಹಾಕಿದ ಷರತ್ತು ಒಂದೇ: ಉಪನ್ಯಾಸ ಒಬ್ಬ ಹೆಣ್ಣುಮಗಳ ಬದುಕಿನ ಮೇಲೆ ಇರಬೇಕು. ನಂಬಿದ ಧರ್ಮಕ್ಕಾಗಿ ಮನೆ ಬಿಟ್ಟು, ಒಂದು ಸಮುದಾಯವನ್ನೇ ಬೆನ್ನಿಗೆ ಕಟ್ಟಿಕೊಂಡು ನಡೆದು, ನೆಲೆ ಸಿಗುವ ಹೊತ್ತಿಗೆ ಕಣ್ಣು ಮುಚ್ಚಿದ ಒಬ್ಬ ತಾಯಿಯನ್ನು ಇವತ್ತು ಆರಿಸಿಕೊಂಡಿದ್ದೇನೆ. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ, ಅಕ್ಕನಾಗಮ್ಮನವರು. ನಡುವೆ ಒಂದಿಷ್ಟು ಹೊತ್ತು ನಿಮ್ಮನ್ನು ಅಮೆರಿಕಕ್ಕೂ ಕರೆದುಕೊಂಡು ಹೋಗುತ್ತೇನೆ. ಯಾಕೆ ಅಂತ ಅಲ್ಲಿಗೆ ಹೋದಾಗ ತಿಳಿಯುತ್ತದೆ.

ಮೊದಲು ನಮ್ಮ ಊರಿನ ಮಾತು. ಹೆಸರು ಉಳಿಯುವುದು ಹೇಗೆ ಎಂಬುದನ್ನು ಹಿರೇಹಡಗಲಿಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳನ್ನು ಶಾಸನ ಓದುವವರೆಲ್ಲ ಬಲ್ಲರು. ಸುಮಾರು 4ನೇ ಶತಮಾನದ, ಪ್ರಾಕೃತ ಭಾಷೆಯ ಆ ಪಟಗಳಲ್ಲಿ ದಾನ ಪಡೆದ ಯಾವ ಬ್ರಾಹ್ಮಣನಿಗೆ ಎಷ್ಟು ಪಾಲು ಎಂಬುದನ್ನೂ ಬಿಡದೆ ಕೊರೆದಿದ್ದಾರೆ. ಇನ್ನು ಹೂವಿನಹಡಗಲಿಗೆ ಹೋದರೆ ಕೇಶವ ದೇವಾಲಯ. 1090ರಲ್ಲಿ ಅದನ್ನು ಕಟ್ಟಿಸಿದವಳು ರೆಬ್ಬಲದೇವಿ, ಆರನೇ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಹೆಂಡತಿ. ಆಕೆಗೆ ಕಲ್ಲಿತ್ತು, ಕಲ್ಲುಕುಟಿಗರಿದ್ದರು, ಗಂಡನ ಅಧಿಕಾರವಿತ್ತು. ಒಂಬೈನೂರು ವರ್ಷ ಕಳೆದ ಮೇಲೂ ಆಕೆಯ ಹೆಸರನ್ನು ಇಸವಿ ಸಮೇತ ಹೇಳುತ್ತೇವೆ.

ರವಿದೇವನ ಒಡೆಯ ಆಳುತ್ತಿದ್ದದ್ದು ಕಲ್ಯಾಣದಿಂದ. ಅಲ್ಲಿಂದ ಮುಂದೆ ಎಂಬತ್ತು ವರ್ಷ ತುಂಬುವುದರೊಳಗೆ ಅದೇ ಕಲ್ಯಾಣದ ಅಗಸೆ ದಾಟಿ ಇನ್ನೊಂದು ಬಗೆಯ ಹೆಂಗಸರು ಹೊರಬಿದ್ದರು. ಅವರ ಕೈಯಲ್ಲಿ ಕಲ್ಲೂ ಇರಲಿಲ್ಲ, ತಾಮ್ರವೂ ಇರಲಿಲ್ಲ. ಅವರು ಹೊತ್ತು ತಂದದ್ದು ಓಲೆಗರಿಯ ಕಟ್ಟುಗಳನ್ನು ಎಂದು ಪರಂಪರೆ ಹೇಳುತ್ತದೆ. ಆ ಹೆಂಗಸರ ಮುಂದಾಳು ಅಕ್ಕನಾಗಮ್ಮನವರು.

ನಾಗಮ್ಮ, ನಾಗಲಾಂಬಿಕೆ ಎರಡೂ ಅವರ ಹೆಸರೇ. ತವರು ಬಾಗೇವಾಡಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ. ಗಂಡ ಶಿವಸ್ವಾಮಿ. ನನಗೆ ಹಾಕುವ ಜನಿವಾರ ಅಕ್ಕನಿಗೆ ಯಾಕಿಲ್ಲ ಎಂದು ಪುಟ್ಟ ಬಸವಣ್ಣ ಕೇಳಿದ ಕಥೆ ನಮ್ಮ ಊರುಗಳ ನಾಟಕದಲ್ಲೂ ಪ್ರವಚನದಲ್ಲೂ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಆ ಕಥೆಯಲ್ಲಿ ಅಕ್ಕ ಮಾತಾಡುವುದಿಲ್ಲ, ತಮ್ಮನ ಪ್ರಶ್ನೆಗೆ ನೆಪವಾಗಿ ನಿಲ್ಲುತ್ತಾಳೆ ಅಷ್ಟೆ. ತಮ್ಮ ಮನೆ ಬಿಟ್ಟಾಗ ಅಕ್ಕನೂ ಜೊತೆಗೆ ಹೊರಟಳು ಎಂದು ಒಂದು ಪರಂಪರೆ ಹೇಳುತ್ತದೆ. ಹಾಗಾದರೆ ಕಲ್ಯಾಣ ಬಿಡುವ ಹೊತ್ತಿಗೆ ಮನೆ ತೊರೆಯುವುದು ಅವರಿಗೆ ಹೊಸದಾಗಿರಲಿಲ್ಲ.

ಅವರ ವಚನಗಳು ಹದಿನೈದರಷ್ಟು ಸಿಕ್ಕಿವೆ. ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಸರ್ಕಾರ 1993ರಲ್ಲಿ ತಂದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಶಿವಶರಣೆಯರದು, ವೀರಣ್ಣ ರಾಜೂರರು ಸಂಪಾದಿಸಿದ್ದು. ಅದನ್ನು ತೆಗೆದು ಓದಿ. ಬಸವಣ್ಣನವರನ್ನು ಕಳೆದುಕೊಂಡ ದುಃಖದ ವಚನಗಳೂ ಅಲ್ಲಿವೆ. ದಾರಿಯ ವಿವರ ಮಾತ್ರ ಒಂದೂ ಇಲ್ಲ. ನಡೆಯುವವರಿಗೆ ಬರೆಯಲು ಪುರುಸೊತ್ತು ಎಲ್ಲಿ?

ಹಾಗಾದರೆ ಈ ಪಯಣದ ಕಥೆ ನಮಗೆ ಬಂದದ್ದು ಎಲ್ಲಿಂದ? ಹರಿಹರನ ಬಸವರಾಜದೇವರ ರಗಳೆ ಪೂರ್ತಿ ಸಿಕ್ಕಿಲ್ಲ, ಸಿಕ್ಕಿರುವ ಭಾಗದಲ್ಲಿ ಕಲ್ಯಾಣ ಬಿಟ್ಟು ನಡೆದ ಕಥೆಯಿಲ್ಲ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬರೆದ, ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ ಬಸವಪುರಾಣದ ಕಣ್ಣೆಲ್ಲ ಬಸವಣ್ಣನವರ ಮೇಲೆ. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ರದು, ಅಂದರೆ ಘಟನೆಯಾಗಿ ನಾಲ್ಕು ಶತಮಾನದ ಮೇಲೆ. ಬಸವಣ್ಣನವರ ಮನೆತನವನ್ನು ಹೇಳುವ ಕಲ್ಲು ಇದೆಯೇ ಅಂದರೆ ಇದೆ: ಹುಕ್ಕೇರಿ ಸೀಮೆಯ ಅರ್ಜುನವಾಡದ 1260ರ ಶಾಸನ. ಅದು ಗಂಡುಮಕ್ಕಳ ಸಾಲು ಹಿಡಿದು ಸಾಗುತ್ತದೆ. ಉಳಿದದ್ದು ಊರೂರಿನ ಗದ್ದುಗೆ, ಗವಿ, ಹೊಳೆದಂಡೆ ಮತ್ತು ಜನರ ಬಾಯಿ. ಇತಿಹಾಸಕಾರರು ಇದರಲ್ಲಿ ಎಲ್ಲವನ್ನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಕಲ್ಯಾಣದಿಂದ ಪಡುವಣಕ್ಕೆ, ಅಲ್ಲಿಂದ ತೆಂಕಣಕ್ಕೆ ಒಂದೇ ಎಳೆಯಲ್ಲಿ ಸಾಗುವ ಈ ಸ್ಥಳಗಳ ಸಾಲು ಸುಮ್ಮನೆ ಹುಟ್ಟಿದ್ದೆಂದು ನನಗೆ ಅನಿಸುವುದಿಲ್ಲ.

ಗೊತ್ತಿರುವ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಾಹ್ಮಣ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆಯಾಯಿತು. ಅದೇ ತಪ್ಪೆಂದು ಹಿರಿಯರಿಬ್ಬರನ್ನೂ ಎಳೆಹೂಟೆಗೆ ಹಾಕಿದರು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. 1167–68ರ ಸುಮಾರಿಗೆ ಕಲ್ಯಾಣದ ಅರಸ ಬಿಜ್ಜಳನ ಕೊಲೆಯಾಯಿತು, ಅರಸನ ದಂಡು ಶರಣರ ಬೆನ್ನು ಹತ್ತಿತು. ಬಸವಣ್ಣನವರ ಮಡದಿ ನೀಲಾಂಬಿಕೆಯವರು ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಉಳಿದರು. ಚೆನ್ನಬಸವಣ್ಣ, ಮಡಿವಾಳ ಮಾಚಿದೇವರು, ಬಸವಣ್ಣನವರ ಇನ್ನೊಬ್ಬ ಮಡದಿ ಗಂಗಾಂಬಿಕೆ, ಅಕ್ಕನಾಗಮ್ಮ ಇವರ ತಂಡ ಮಲಪ್ರಭೆಯ ಕಡೆಗೆ ತಿರುಗಿತು. ಕಾದರವಳ್ಳಿಯಲ್ಲಿ ಕಾಳಗವಾಯಿತು. ಗಂಗಾಂಬಿಕೆಯವರ ಐಕ್ಯಮಂಟಪ ಈಗಲೂ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಮಲಪ್ರಭಾ ನದಿಯಲ್ಲೇ ಇದೆ, ಹೆದ್ದಾರಿಯಲ್ಲಿ ಬೆಳಗಾವಿಗೆ ಹೋಗುವವರು ಬಸ್ಸಿನಿಂದಲೇ ಕೈ ಮುಗಿಯುತ್ತಾರೆ. ಉಳಿದವರು ಕಾಡು ಹೊಕ್ಕು ಉಳವಿ ಸೇರಿದರು.

ಈ ಕಥೆ ಹೇಳುವವರೆಲ್ಲ ಕಾದರವಳ್ಳಿಯಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. ಮಾಚಿದೇವರ ಶೌರ್ಯ, ಅರಸನ ದಂಡು ಹಿಮ್ಮೆಟ್ಟಿದ್ದು, ಕತ್ತಿಯ ಖಣಖಣ. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಕಾಳಗ ನಡೆದದ್ದು ಹೆಚ್ಚೆಂದರೆ ಕೆಲವು ದಿನ. ಕಲ್ಯಾಣದಿಂದ ಉಳವಿಗೆ ಹಕ್ಕಿ ಹಾರಿದಂತೆ ಅಳೆದರೂ 400 ಕಿಲೋಮೀಟರು ಮೀರುತ್ತದೆ. ಆ ದಾರಿಯಲ್ಲಿ ಪ್ರತಿ ಸಂಜೆ ಒಲೆ ಹೂಡಬೇಕು, ನೀರು ಹುಡುಕಬೇಕು, ಜ್ವರ ಬಂದವರನ್ನು ಹೊರಬೇಕು, ಬಸುರಿಯರನ್ನು ಹೆರಿಗೆ ಮಾಡಿಸಬೇಕು, ಸತ್ತವರನ್ನು ಸಮಾಧಿ ಮಾಡಿ ಬೆಳಗಾಗುವ ಮುಂಚೆ ಹೊರಡಬೇಕು. ಇದನ್ನೆಲ್ಲ ನಡೆಸಿದವರು ಯಾರು ಎಂದು ಪುರಾಣ ಕೇಳುವುದಿಲ್ಲ. ನಾವು ಕೇಳೋಣ.

ಕಲ್ಯಾಣದ ಮಹಾಮನೆಯ ದಾಸೋಹದಲ್ಲಿ ಅಕ್ಕನಾಗಮ್ಮನವರ ಕೈ ಇತ್ತೆಂದು ಎಲ್ಲ ಪರಂಪರೆಗಳೂ ಹೇಳುತ್ತವೆ. ಅಲ್ಲಿ ಉಂಡ ಜಂಗಮರು 1,96,000 ಎಂಬ ಲೆಕ್ಕವನ್ನು ನಾನು ಲೆಕ್ಕವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ದೊಡ್ಡ ದಾಸೋಹ ನಡೆಯುತ್ತಿತ್ತೆಂಬುದರಲ್ಲಿ ಅನುಮಾನ ಬೇಡ. ಕೊಟ್ಟೂರಿನ ತೇರಿಗೆ ಬರುವ ಪಾದಯಾತ್ರಿಗಳಿಗೆ ದಾರಿಯುದ್ದಕ್ಕೂ ಪ್ರಸಾದ ಮಾಡಿ ಬಡಿಸಿದವರು ಈ ಸಭೆಯಲ್ಲಿ ಇದ್ದೀರಿ. ಎಷ್ಟು ಮಂದಿಗೆ ಎಷ್ಟು ಜೋಳ, ಎಷ್ಟು ಬೇಳೆ, ಯಾರು ಉಂಡಿಲ್ಲ, ಯಾರ ಕಾಲು ಊದಿದೆ ಎಂದು ಕಣ್ಣಳತೆಯಲ್ಲೇ ಹೇಳುವ ಹೆಂಗಸರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ. ಆ ವಿದ್ಯೆಯ ಹಿರಿಯರು ಅಕ್ಕನಾಗಮ್ಮನವರು. ಚೆನ್ನಬಸವಣ್ಣ ಆ ತಂಡದ ಗುರು, ಮಾಚಿದೇವರು ಕಾವಲು. ತಂಡ ಚದುರದಂತೆ ಹಿಡಿದು ನಡೆಸಿದ ಮುಂದಾಳುತನ ಅಕ್ಕನದೇ ಎಂದು ನಾನು ತಿಳಿದಿದ್ದೇನೆ. ವಯಸ್ಸಾದರೂ ಎಷ್ಟು? ಬಸವಣ್ಣನವರು ಹುಟ್ಟಿದ್ದು 1131 ಎಂದು ಹಿಡಿದರೆ ಅಕ್ಕನಿಗೆ ನಲವತ್ತು ಸಮೀಪಿಸಿತ್ತು, 1105 ಎಂದರೆ ಅರವತ್ತು ದಾಟಿತ್ತು.

ಇಲ್ಲಿ ಅಮೆರಿಕದ ಮಾತು.

1844ರ ಜೂನ್ 27ರಂದು ಇಲಿನಾಯ್ ರಾಜ್ಯದ ಕಾರ್ಥೇಜ್ ಎಂಬ ಊರಿನ ಜೈಲಿಗೆ ನುಗ್ಗಿದ ಗುಂಪು ಜೋಸೆಫ್ ಸ್ಮಿತ್ ಎಂಬ ಧರ್ಮಗುರುವನ್ನು ಗುಂಡಿಕ್ಕಿ ಕೊಂದಿತು. ಆತನ ಅನುಯಾಯಿಗಳೇ ಮಾರ್ಮನ್ನರು. ಸುತ್ತಲಿನವರ ಕಿರುಕುಳ ತಾಳಲಾರದೆ ಅವರು 1846ರ ಫೆಬ್ರವರಿಯಲ್ಲಿ ತಾವೇ ಕಟ್ಟಿದ ನಾವೂ ಪಟ್ಟಣ ಬಿಟ್ಟು, ಮಿಸಿಸಿಪ್ಪಿ ಹೊಳೆ ದಾಟಿ ಪಡುವಣಕ್ಕೆ ಬಂಡಿ ಹೂಡಿದರು. ಸುಮಾರು 2,100 ಕಿಲೋಮೀಟರು ನಡೆದು, 1847ರ ಜುಲೈ 24ರಂದು ಮುಂದಾಳು ಬ್ರಿಗಮ್ ಯಂಗ್ ಸಾಲ್ಟ್ ಲೇಕ್ ಕಣಿವೆ ಮುಟ್ಟಿದರು. ಅವರ ಮತಕ್ಕೂ ಶರಣರ ಧರ್ಮಕ್ಕೂ ಯಾವ ಸಂಬಂಧವೂ ಇಲ್ಲ. ಅವರಲ್ಲಿ ಆಗ ಬಹುಪತ್ನಿತ್ವವಿತ್ತು, 1890ರಲ್ಲಿ ಅವರ ಸಂಘ ಅದನ್ನು ನಿಲ್ಲಿಸುವ ಘೋಷಣೆ ಮಾಡಿತು. ಅವರು ಸೇರಿದ ಕಣಿವೆಯೂ ಬರಿದಾಗಿರಲಿಲ್ಲ, ಯೂಟ್ ಮತ್ತು ಶೋಶೋನಿ ಜನರ ನೆಲ ಅದು. ಅಟ್ಟಿಸಿಕೊಂಡು ಬಂದವರೇ 1857ರಲ್ಲಿ ಮೌಂಟನ್ ಮೆಡೋಸ್ ಎಂಬಲ್ಲಿ ದಾರಿಹೋಕ ವಲಸಿಗರನ್ನು, ಸುಮಾರು 120 ಜನರನ್ನು ಕೊಂದರು. ಇದನ್ನೂ ಹೇಳದೆ ಅವರನ್ನು ಹೊಗಳುವುದು ಸರಿಯಲ್ಲ.

ನಾನು ಅವರನ್ನು ನೆನೆದದ್ದು ಒಬ್ಬ ಸೂಲಗಿತ್ತಿಗಾಗಿ. ಹೆಸರು ಪ್ಯಾಟಿ ಸೆಷನ್ಸ್, 1795ರಲ್ಲಿ ಮೇನ್ ರಾಜ್ಯದಲ್ಲಿ ಹುಟ್ಟಿದಾಕೆ. ನಾವೂ ಬಿಡುವಾಗ ಐವತ್ತು ದಾಟಿತ್ತು. 1847ರಲ್ಲಿ ನಾಲ್ಕೆತ್ತಿನ ಬಂಡಿಯನ್ನು ತಾನೇ ಹೊಡೆದುಕೊಂಡು ಆ ಕಣಿವೆಗೆ ಬಂದಳು. ಕೆಸರಿನಲ್ಲಿ, ಡೇರೆಯಲ್ಲಿ, ಬಂಡಿಯ ಕೆಳಗೆ ಹೆರಿಗೆ ಮಾಡಿಸಿದಳು. ಜೀವಮಾನದಲ್ಲಿ ಮಾಡಿಸಿದ ಹೆರಿಗೆ 3,977. ಈ ಸಂಖ್ಯೆ ನಮಗೆ ಹೇಗೆ ಗೊತ್ತು? ಆಕೆಯೇ ಬರೆದಿಟ್ಟಳು. ಯಾವ ದಿನ, ಯಾರ ಮನೆ, ಗಂಡೋ ಹೆಣ್ಣೋ. ಅಂದು ಎಷ್ಟು ಮೈಲಿ ನಡೆದೆವು, ಯಾರು ತೀರಿಕೊಂಡರು. ಗಂಡ ಇನ್ನೊಬ್ಬಳನ್ನು ಮದುವೆಯಾದಾಗ ತನಗಾದ ಸಂಕಟ. ವ್ಯಾಕರಣ ಅಷ್ಟಕ್ಕಷ್ಟೇ, ಕಾಗುಣಿತ ಬಾಯಿಗೆ ಬಂದಂತೆ. ಆದರೂ ದಿನಕ್ಕೆ ಎರಡು ಸಾಲು ತಪ್ಪಲಿಲ್ಲ. 1892ರ ಡಿಸೆಂಬರಿನಲ್ಲಿ 97ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡಾಗ ಆ ಸಮುದಾಯ ನಡೆದ ದಾರಿಯ ಬಹುದೊಡ್ಡ ದಾಖಲೆ ಆಕೆಯ ದಿನಚರಿಗಳಲ್ಲಿತ್ತು.

ನಮ್ಮ ನೆಲದಿಂದ ಆ ದಾರಿಗೆ ಹೋದವಳೂ ಒಬ್ಬಳಿದ್ದಾಳೆ. ಮಾರ್ಮನ್ ಪ್ರಚಾರಕರು 1850ರ ಸುಮಾರಿನಲ್ಲೇ ಕಲ್ಕತ್ತಕ್ಕೆ ಬಂದಿದ್ದರು. 1853ರಲ್ಲಿ ರಿಚರ್ಡ್ ಬ್ಯಾಲಂಟೈನ್ ಎಂಬಾತ ಮದರಾಸಿಗೆ ಬಂದಾಗ ಆಗ ನಮ್ಮ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆಯೂ ಮದರಾಸ್ ಪ್ರಾಂತ್ಯದಲ್ಲೇ ಇತ್ತು. ಅವರ ಮಾತಿಗೆ ಇಲ್ಲಿ ಕಿವಿಗೊಟ್ಟವರು ಬೆರಳೆಣಿಕೆಯಷ್ಟು, ಕೆಲವೇ ವರ್ಷದಲ್ಲಿ ಅವರು ಗಂಟುಮೂಟೆ ಕಟ್ಟಿದರು. ಆ ಬೆರಳೆಣಿಕೆಯಲ್ಲಿ ಒಬ್ಬಳು ಬೊಂಬಾಯಿಯಲ್ಲಿ ಹುಟ್ಟಿದ ಎಲಿಜಬೆತ್ ಕ್ಸೇವಿಯರ್. ವಿಲಿಯಂ ಟೇಟ್ ಎಂಬ ಬಿಳಿಯ ಸಿಪಾಯಿಯನ್ನು ಮದುವೆಯಾದವಳು. ಗಂಡ ಮುಂದೆ ಹೋದ, ಈಕೆ ಹಿಂದಿನಿಂದ ಇಂಗ್ಲೆಂಡಿನ ಮಾರ್ಗವಾಗಿ ಹೊರಟಳು. ಆ ಅಲೆದಾಟದಲ್ಲಿ ಎಳೆಗೂಸನ್ನೂ ಕಳೆದುಕೊಂಡಳೆಂದು ಮನೆತನದ ಕಥೆ. 1856ರಲ್ಲಿ ವಿಲ್ಲಿ ತಂಡ ಎಂದು ಹೆಸರಾದ ಐನೂರರಷ್ಟು ಜನರ ಗುಂಪಿನಲ್ಲಿ ಆಕೆ ಇದ್ದಳು. ಎತ್ತು ಕೊಳ್ಳಲು ದುಡ್ಡಿಲ್ಲದವರ ತಂಡ ಅದು, ಕೈಗಾಡಿಯಲ್ಲಿ ಸಾಮಾನು ಹೇರಿ ತಾವೇ ಎಳೆದರು. ಹೊರಟದ್ದು ತಡವಾಗಿ ಅಕ್ಟೋಬರಿನಲ್ಲಿ ಹಿಮಕ್ಕೆ ಸಿಕ್ಕಿಬಿದ್ದರು, ಅರವತ್ತಕ್ಕೂ ಹೆಚ್ಚು ಜನ ಸತ್ತರು. ನವೆಂಬರ್ 9ರಂದು ಉಳಿದವರು ಸಾಲ್ಟ್ ಲೇಕ್ ಮುಟ್ಟಿದರು. ಬೊಂಬಾಯಿಯ ಹುಡುಗಿ ಬದುಕಿ ಉಳಿದು ಸೀಡರ್ ಸಿಟಿ ಎಂಬ ಊರಿನಲ್ಲಿ ಸಂಸಾರ ಹೂಡಿದಳು. 

ಅವರ ದಾರಿ ನಮ್ಮ ದಾರಿಗಿಂತ ಉದ್ದ ಇರಬಹುದು. ಕಷ್ಟವನ್ನು ತಕ್ಕಡಿಗೆ ಹಾಕಿ ತೂಗುವ ಕೆಲಸ ನನ್ನದಲ್ಲ. ನನಗೆ ಹೊಟ್ಟೆಕಿಚ್ಚಾಗುವುದು ಒಂದೇ ವಿಷಯಕ್ಕೆ: ಅವರು ಬರೆದಿಟ್ಟರು. 1869ರಲ್ಲಿ ರೈಲು ಬರುವವರೆಗೆ ಆ ದಾರಿಯಲ್ಲಿ ನಡೆದು ಬಂದ ಹತ್ತಾರು ಸಾವಿರ ಜನರ ಹೆಸರು, ವಯಸ್ಸು, ತಂಡದ ಪಟ್ಟಿಯನ್ನು ಅವರ ಸಂಘ ಇವತ್ತಿಗೂ ಕಾಪಾಡಿಕೊಂಡು ಬಂದಿದೆ. ಅವರಿಗಿಂತ ಏಳು ಶತಮಾನ ಹಿಂದಿನ ನಮ್ಮವರಿಂದ ಅದನ್ನೇ ಕೇಳುವುದು ನ್ಯಾಯವಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ನಮ್ಮವರಿಗೆ ಬರೆಯಲು ಬರುತ್ತಿತ್ತು! ಮಡಿವಾಳರು, ಅಂಬಿಗರು, ಕೂಲಿಯವರು, ಹೆಂಗಸರು ಬರೆದ ಕಾಲ ಅದು. ತಮ್ಮ ಅನುಭಾವವನ್ನು ಬರೆದರು, ತಮ್ಮ ಪಾಡನ್ನು ಬರೆಯಲಿಲ್ಲ. ಅವರು ಹೊತ್ತ ಕಟ್ಟುಗಳನ್ನು ಒಟ್ಟುಗೂಡಿಸಲು ಫ.ಗು. ಹಳಕಟ್ಟಿಯವರು ಊರೂರು ಅಲೆದು, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸುವವರೆಗೆ ಕಾಯಬೇಕಾಯಿತು. ವಚನ ಸಿಕ್ಕಿತು, ಹೊತ್ತವರ ಬೆನ್ನು ಸಿಗಲಿಲ್ಲ.

ಉಳವಿಗೆ ಮರಳೋಣ. ಭರತ ಹುಣ್ಣಿಮೆಯ ಹೊತ್ತಿಗೆ ನಮ್ಮ ಬಂಡಿಗಳು ಮೈಲಾರದ ಕಡೆ ಹೊರಟರೆ, ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಸಾಲುಗಟ್ಟಿ ಉಳವಿಗೆ ಹೊರಡುತ್ತವೆ. ಚೆನ್ನಬಸವಣ್ಣನವರ ಗದ್ದುಗೆ ಅಲ್ಲಿದೆ. ಸುತ್ತಿನ ಕಾಡಿನಲ್ಲಿ ಅಕ್ಕನಾಗಮ್ಮನ ಗವಿ ಇದೆ, ಹರಳಯ್ಯನ ಚಿಲುಮೆ ಇದೆ. ಬಯಲುಸೀಮೆಯ ಜನ ಆ ಗವಿಯಲ್ಲಿ ಒಂದು ಮಳೆಗಾಲ ಕಳೆದರೆ ಏನಾಗುತ್ತದೆಂದು ಯೋಚಿಸಿ. ಜೋಳ ಬೆಳೆಯದ ನೆಲ, ಬಿಡದ ಮಳೆ, ಜಿಗಣೆ, ಕಾಡಿನ ಜ್ವರ. ಚೆನ್ನಬಸವಣ್ಣನವರು ಅಲ್ಲೇ ಐಕ್ಯರಾದರು. ಆಗ ಅವರಿಗೆ ಇನ್ನೂ ಎಳೆಯ ಪ್ರಾಯ ಎಂದೇ ಪರಂಪರೆಯ ಮಾತು. ತಮ್ಮ ಹೋದ, ಗಂಗಾಂಬಿಕೆ ಹೋದಳು, ಈಗ ಮಗನೂ ಹೋದ.

ಎಲ್ಲರೂ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಆದರೆ ಅಕ್ಕನಾಗಮ್ಮನವರ ಗದ್ದುಗೆ ಉಳವಿಯಲ್ಲಿಲ್ಲ. ಅದು ಇರುವುದು ತರೀಕೆರೆ ಸೀಮೆಯ ಎಣ್ಣೆಹೊಳೆಯ ಹತ್ತಿರ. ಉಳವಿಯಿಂದ ಅಲ್ಲಿಗೆ ದಾರಿ 250 ಕಿಲೋಮೀಟರಿಗೆ ಕಡಿಮೆಯಿಲ್ಲ. ಮಗನ ಗದ್ದುಗೆಯ ಪಕ್ಕದಲ್ಲಿ ಕೂತು ಉಳಿದ ದಿನ ಕಳೆಯಬಹುದಾಗಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಗವಿಯೂ ಇತ್ತು, ಭಕ್ತರೂ ಇದ್ದರು. ಆದರೂ ಆ ತಾಯಿ ಎದ್ದು, ಉಳಿದವರನ್ನು ಕಟ್ಟಿಕೊಂಡು ಮತ್ತೆ ನಡೆದರು.

ಯಾಕೆ? ಪುರಾಣಗಳು ಕಾರಣ ಕೊಡುವುದಿಲ್ಲವಾದ್ದರಿಂದ ನನ್ನ ಓದನ್ನು ಹೇಳುತ್ತೇನೆ. ಉಳವಿಯಲ್ಲಿ ಅಡಗಿಕೊಳ್ಳಬಹುದಿತ್ತು, ಬಾಳಲು ಆಗುತ್ತಿರಲಿಲ್ಲ. ಕಾಯಕದ ಜನಕ್ಕೆ ಸಂತೆ ಬೇಕು, ಹೊಲ ಬೇಕು, ಮಗ್ಗ ಹೂಡುವ ಜಾಗ ಬೇಕು, ಮಕ್ಕಳಿಗೆ ಹೆಣ್ಣು ಗಂಡು ನೋಡಬೇಕು. ಗುರುಗಳ ಗದ್ದುಗೆ ಕಾಯುವುದಕ್ಕೆ ನಾಲ್ಕು ಜನ ಸಾಕು. ಬದುಕಿರುವವರಿಗೆ ಊರು ಬೇಕು. ಆ ಲೆಕ್ಕ ಹೊಳೆಯುವುದು ಒಲೆ ಹೊತ್ತಿಸುವವರಿಗೇ. ಶರಣಧರ್ಮ ಕಾಡಿನ ಗವಿಯಲ್ಲಿ ಕೂತು ಒಂದು ಸಣ್ಣ ಪಂಥವಾಗಿ ಬತ್ತಿಹೋಗದೆ ಮಲೆನಾಡಿನ ಅಂಚಿನ ಊರುಗಳಿಗೆ ಹರಡಿದ್ದರಲ್ಲಿ ಈ ಎರಡನೆಯ ಪಯಣದ ಪಾಲು ದೊಡ್ಡದು. ಅದನ್ನು ಕಟ್ಟಿದವರು ಮಗನನ್ನು ಮಣ್ಣಿಗಿಟ್ಟ ಒಬ್ಬ ತಾಯಿ. ಕಾದರವಳ್ಳಿಯ ಕಾಳಗಕ್ಕಿಂತ ಇದು ದೊಡ್ಡ ಕೆಲಸ. ಹೀಗೆ ಹೇಳಿದ್ದಕ್ಕೆ ಯಾರಾದರೂ ಸಿಟ್ಟಾದರೆ ಆಗಲಿ.

ಎಣ್ಣೆಹೊಳೆಯಲ್ಲಿ ಅವರು ಲಿಂಗೈಕ್ಯರಾದರು. ಕೊನೆಯ ಮಾತು ಏನು, ಹತ್ತಿರ ಯಾರಿದ್ದರು, ಯಾವ ತಿಥಿ, ಒಂದೂ ಬರಹಕ್ಕೆ ಸೇರಲಿಲ್ಲ. ಪ್ಯಾಟಿ ಸೆಷನ್ಸ್ ತೀರಿಕೊಂಡ ತಾರೀಖು ನನಗೆ ಗೊತ್ತು, ಅಕ್ಕನಾಗಮ್ಮನವರದು ಹೇಳಲಾರೆ.

ಈಗ ಈ ಸೀಮೆಯ ಮಾತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಮುಗಿಸಿದಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನ ಬಂಡಿ ಹೂಡಿಕೊಂಡು ಹೊಸ ಊರು ಹುಡುಕಿದರು. ಮನೆದೇವರನ್ನು ಗಂಡಸರು ಹೊತ್ತರು, ಒಳಕಲ್ಲು, ಬಿತ್ತನೆ ಬೀಜ, ಕೂಸುಗಳನ್ನು ಹೆಂಗಸರು ಹೊತ್ತರು. ಆಗ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಎಂಬತ್ತು ದಾಟಿದೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯಿಂದ ಬರಗಾಲದಲ್ಲಿ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಕ್ಕೆ ಗುಳೆ ಹೋಗಿ ಬಂದ ತಾಯಂದಿರು ಇದೇ ಸಭೆಯಲ್ಲಿದ್ದಾರೆ. ದಾರಿಯಲ್ಲಿ ಹೆತ್ತವರೂ ಇದ್ದಾರೆ, ದಾರಿಯಲ್ಲಿ ಕಳೆದುಕೊಂಡವರೂ ಇದ್ದಾರೆ. ಅವರ ಬಗ್ಗೆ ಸರ್ಕಾರದ ಕಡತದಲ್ಲಿ ಇರುವುದು ಪರಿಹಾರದ ಮೊತ್ತ, ಕೂಲಿಯ ಹಾಜರಿ.

ಹಿಂದಿನ ಸಾಲಿನಲ್ಲಿ ಕೂತಿರುವ ಶಾಲೆಯ ಮಕ್ಕಳೇ, ನಿಮಗೆ ಒಂದು ಕೆಲಸ ಕೊಡುತ್ತೇನೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಅಜ್ಜಿಯ ಹತ್ತಿರ, ಪಕ್ಕದ ಮನೆಯ ಆಯಿಯ ಹತ್ತಿರ ಕೂತು ಬರೆದುಕೊಳ್ಳಿ: ಯಾವ ಊರು ಬಿಟ್ಟಿರಿ, ಯಾವ ವರ್ಷ, ಬಂಡಿಯಲ್ಲಿ ಏನೇನು ಹಾಕಿದಿರಿ, ಮೊದಲ ರಾತ್ರಿ ಎಲ್ಲಿ ಒಲೆ ಹೂಡಿದಿರಿ, ಯಾರು ನಿಮ್ಮ ಜೊತೆ ಬಂದು ಮುಟ್ಟಲಿಲ್ಲ. ಅವರು ಹೇಳಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ಹೆಸರು, ತಾರೀಖು ಹಾಕಿ ಗ್ರಾಮದ ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷ ಈ ದತ್ತಿಯ ಉಪನ್ಯಾಸಕ್ಕೆ ಬರುವವರು ನನ್ನ ಹಾಗೆ ಎಂಟು ನೂರು ವರ್ಷ ಹಿಂದಕ್ಕೆ ಹೋಗದೆ, ನಿಮ್ಮ ನೋಟ್‌ಬುಕ್‌ಗಳನ್ನೇ ಮುಂದಿಟ್ಟುಕೊಂಡು ಮಾತಾಡಲಿ. ಈ ಬೇಸಿಗೆ ರಜೆಯಲ್ಲೇ ಶುರು ಮಾಡಿ.